ಬೀದಿಯಲ್ಲಿ ಜನರಿದ್ದರು, ಫೋಟೊದಲ್ಲಿಲ್ಲ

ಪ್ಯಾರಿಸ್ ನಗರದಲ್ಲಿ ಜನ, ಕುದುರೆಗಾಡಿಗಳಿಂದ ಗಿಜಿಗುಡುತ್ತಿದ್ದ ಒಂದು ದೊಡ್ಡ ರಸ್ತೆ. 1838ರಲ್ಲಿ ಲೂಯಿ ಡಾಗೇರ್ ಎಂಬಾತ ಮೇಲಿನ ಕಿಟಕಿಯಿಂದ ಅದರ ಫೋಟೊ ತೆಗೆದ. ನೋಡಿದರೆ ರಸ್ತೆ ಬಿಕೋ ಎನ್ನುತ್ತಿದೆ!

ಕಾರಣ ಇಷ್ಟೆ. ನಮ್ಮ ಮೊಬೈಲ್ ರೆಪ್ಪೆ ಬಡಿಯುವಷ್ಟರಲ್ಲಿ ಚಿತ್ರ ಹಿಡಿಯುತ್ತದೆ. ಡಾಗೇರ್ ಬಳಸಿದ್ದು ಬೆಳ್ಳಿ ಲೇಪಿಸಿದ ತಾಮ್ರದ ತಗಡು. ಅದರಲ್ಲಿ ಚಿತ್ರ ಮೂಡಲು ಹಲವು ನಿಮಿಷ ಬೆಳಕು ಬೀಳಬೇಕಿತ್ತು. ನಿಂತಲ್ಲೇ ನಿಂತ ಮನೆ, ಮರಗಳು ಉಳಿದವು. ಓಡಾಡಿದವರ ಗುರುತೇ ಮೂಡಲಿಲ್ಲ.

ಒಬ್ಬ ಮಾತ್ರ ಉಳಿದ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಕಾಲು ಚಾಚಿ ನಿಂತಿದ್ದವನು. ಮನುಷ್ಯರು ಕಾಣುವ ಅತಿ ಹಳೆಯ ಫೋಟೊಗಳಲ್ಲಿ ಇದೂ ಒಂದು. ನಿಂತವನ ಆಕಾರ ಗೊತ್ತಾಗುತ್ತದೆ, ಕೈ ಆಡಿಸುತ್ತ ಪಾಲಿಶ್ ಮಾಡುತ್ತಿದ್ದವನು ಮಸುಕು.

ನಮ್ಮ ಹಂಪಿಯನ್ನು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಕಾಗದದ ನೆಗೆಟಿವ್‌ನಲ್ಲಿ ಸೆರೆಹಿಡಿದ. ಅದಕ್ಕೂ ಬಹಳ ಹೊತ್ತು ಬೆಳಕು ಬೇಕಿತ್ತು. ದನ ಹೊಡೆದುಕೊಂಡು ಹೋಗುವವರು, ಸೌದೆ ಹೊತ್ತವರು ಎದುರಿಗೇ ಹಾದುಹೋಗಿದ್ದರೂ ಚಿತ್ರದಲ್ಲಿ ಉಳಿಯುತ್ತಿರಲಿಲ್ಲ.

ಹಾಗಾಗಿ ಹಳೆಯ ಫೋಟೊ ಖಾಲಿ ಕಂಡರೆ ಊರೇ ಖಾಲಿ ಇತ್ತು ಅನ್ನಬೇಡಿ. ದುಡಿಯುವವರಿಗೆ ನಿಲ್ಲಲು ಪುರುಸೊತ್ತು ಇರಲಿಲ್ಲ, ಅಷ್ಟೆ.