ರೊಕ್ಕ ಮುಟ್ಟೈತಿ

2023ರಲ್ಲಿ ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆವು. ಒಂದು ರವಿವಾರ ವಾಷಿಂಗ್ಟನ್ನಿನ ಪಕ್ಕದ ಲ್ಯಾಂಗ್ಲಿ ಪಾರ್ಕಿನಲ್ಲಿ ಕಿರಾಣಿ ಸಾಮಾನು ಕೊಳ್ಳುವಷ್ಟರಲ್ಲಿ ಮಧ್ಯಾಹ್ನವಾಯಿತು. ಸೊಸೆ ಅಲ್ಲಿಯೇ ಇದ್ದ ಸಣ್ಣ ಹೋಟೆಲಿಗೆ ಕರೆದುಕೊಂಡು ಹೋದಳು. ಬಾಗಿಲಲ್ಲೇ ನನ್ನ ಹೆಂಡತಿ ನಿಂತುಬಿಟ್ಟಳು. "ರೀ, ಒಳಗ ಯಾರೋ ರೊಟ್ಟಿ ಬಡೀಲಿಕ್ಕತ್ತಾರ!"

ಬಡಿಯುತ್ತಿದ್ದದ್ದು ರೊಟ್ಟಿಯಲ್ಲ, ಪುಪೂಸಾ. ಎಲ್ ಸಾಲ್ವಡಾರ್ ದೇಶದವರ ಊಟ. ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಅರೆದ ಹಿಟ್ಟಿನೊಳಗೆ, ನಾವು ಹೋಳಿಗೆಗೆ ಹೂರಣ ತುಂಬುವ ಹಾಗೆ, ಚೀಸು ಇಲ್ಲವೆ ಅರೆದ ಕಾಳು ಇಲ್ಲವೆ ಮಾಂಸ ತುಂಬಿ, ಅಂಗೈಯಲ್ಲಿ ತಟ್ಟಿ ಹಂಚಿನ ಮೇಲೆ ಬೇಯಿಸುತ್ತಾರೆ. ಸೊಸೆ ವಿಚಾರಿಸಿ ನಮಗೆ ಚೀಸಿನದು ಹೇಳಿದಳು. ನಂಜಿಕೊಳ್ಳಲು ಹುಳಿ ಹಾಕಿದ ಕ್ಯಾಬೇಜು, ಗಜ್ಜರಿ. ಎಲ್ಲರೂ ಕೈಯಿಂದಲೇ ತಿನ್ನುತ್ತಿದ್ದರು. ನಮಗೆ ಹಾಯೆನಿಸಿತು. 2005ರಲ್ಲಿ ಆ ದೇಶ ಇದನ್ನು ರಾಷ್ಟ್ರೀಯ ತಿನಿಸೆಂದು ಸಾರಿ, ನವೆಂಬರದ ಎರಡನೇ ರವಿವಾರವನ್ನು ಇದಕ್ಕೆಂದೇ ಮೀಸಲಿಟ್ಟಿತು.

ಈ ಊಟ ಇಷ್ಟು ದೂರ ಬಂದ ಕಥೆ ಸುಖದ ಕಥೆಯಲ್ಲ. ಎಲ್ ಸಾಲ್ವಡಾರ್ ಸುಮಾರು 21,000 ಚದರ ಕಿಲೋಮೀಟರಿನ ದೇಶ, ನಮ್ಮ ಅಖಂಡ ವಿಜಾಪುರ ಜಿಲ್ಲೆಗಿಂತ ತುಸು ದೊಡ್ಡದು. ಕಾಫಿ ತೋಟಗಳೆಲ್ಲ ಕೆಲವೇ ಮನೆತನಗಳ ಕೈಯಲ್ಲಿದ್ದವು. ಕಾಫಿ ಬೆಲೆ ಕುಸಿದು ಹೊಟ್ಟೆಗಿಲ್ಲದ ಜನ 1932ರಲ್ಲಿ ದಂಗೆಯೆದ್ದಾಗ ಸೈನ್ಯ ಸಾವಿರಾರು ರೈತರನ್ನು ಕೊಂದಿತು. ಸತ್ತವರಲ್ಲಿ ಬಹಳ ಜನ ಮೂಲನಿವಾಸಿಗಳು. ಆ ಹೆದರಿಕೆಯಿಂದ ಅನೇಕರು ತಮ್ಮ ನಹುವಾತ್ ಭಾಷೆಯನ್ನೂ ಉಡುಗೆಯನ್ನೂ ಬಿಟ್ಟರು. ಊಟ ಮಾತ್ರ ಉಳಿಯಿತು.

1980ರ ಮಾರ್ಚ್ 24ರಂದು, ಬಡವರ ಪರ ಮಾತಾಡುತ್ತಿದ್ದ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ಅವರನ್ನು ಪ್ರಾರ್ಥನೆಯ ಹೊತ್ತಿನಲ್ಲೇ ಗುಂಡಿಟ್ಟು ಕೊಂದರು. ಮುಂದೆ 1992ರ ಜನವರಿಯ ಒಪ್ಪಂದದವರೆಗೆ ನಡೆದ ಅಂತರ್ಯುದ್ಧದಲ್ಲಿ ಸುಮಾರು 75,000 ಜನ ಸತ್ತರು. ಸರಕಾರದ ಸೈನ್ಯಕ್ಕೆ ಹಣ, ತರಬೇತಿ ಕೊಟ್ಟದ್ದು ಅಮೆರಿಕ. ಜೀವ ಉಳಿಸಿಕೊಳ್ಳಲು ಜನ ಓಡಿಬಂದದ್ದೂ ಅಮೆರಿಕಕ್ಕೇ. ಆದರೆ 1984ರ ಸುಮಾರಿಗೆ ಆಶ್ರಯ ಕೇಳಿದ ನೂರು ಜನರಲ್ಲಿ ಮೂವರಿಗೂ ಅದು ಸಿಗುತ್ತಿರಲಿಲ್ಲ. ಕಾಗದಪತ್ರವಿಲ್ಲದೆ ಪಾತ್ರೆ ತೊಳೆದರು, ಕಟ್ಟಡ ಕಟ್ಟಿದರು, ಊರಿಗೆ ಹಣ ಕಳಿಸಿದರು. ಇಂತಿಪುಕಾ ಎಂಬ ಊರಿನಿಂದ ವಾಷಿಂಗ್ಟನ್ನಿಗೆ ಎಷ್ಟು ಜನ ಬಂದರೆಂದರೆ, ಅಲ್ಲಿ ಮನೆಗಳೆದ್ದದ್ದು ಇಲ್ಲಿಯ ದುಡ್ಡಿನಿಂದ.

ಬ್ಯಾಂಕಿನವನಾದ ನನಗೆ ಲೆಕ್ಕದ ಚಟ. 2001ರಲ್ಲಿ ಆ ದೇಶ ಡಾಲರನ್ನೇ ತನ್ನ ನಾಣ್ಯ ಮಾಡಿಕೊಂಡಿತು. ಅವರ ಕೊಲೋನನ್ನು ಡಾಲರಿಗೆ 8.75ರಂತೆ ಲೆಕ್ಕ ಹಿಡಿದು, ಕ್ರಮೇಣ ಚಲಾವಣೆಯಿಂದ ತೆಗೆದರು. ಈಚಿನ ವರ್ಷಗಳಲ್ಲಿ ಹೊರಗಿದ್ದವರು ಕಳಿಸುವ ಹಣ ಆ ದೇಶದ ಒಟ್ಟು ಉತ್ಪನ್ನದ ಐದನೇ ಒಂದು ಭಾಗಕ್ಕಿಂತ ಹೆಚ್ಚು.

ಈ ಲೆಕ್ಕ ಹೇಳುತ್ತಿರುವಾಗಲೇ, ಪುಪೂಸಾ ತಟ್ಟುತ್ತಿದ್ದ ಹೆಣ್ಣುಮಗಳು ಕೈ ಒರೆಸಿಕೊಳ್ಳುತ್ತ ಬಂದು ರುಚಿ ಹೇಗಿದೆ ಅಂತ ಕೇಳಿದಳು. ನನ್ನ ವಯಸ್ಸಿನವಳೇ. ಆಸ್ಪತ್ರೆಯ ಕೆಲಸದಿಂದಾಗಿ ಸ್ಪ್ಯಾನಿಷ್ ಬಲ್ಲ ಸೊಸೆ ಅವಳ ಮಾತನ್ನು ಕನ್ನಡದಲ್ಲಿ ಹೇಳುತ್ತ ಹೋದಳು. ಯುದ್ಧದ ಕಾಲದಲ್ಲಿ ತಾಯಿಯನ್ನು ಬಿಟ್ಟು ಬಂದವಳು. ತಿಂಗಳೂ ಹಣ ಕಳಿಸಿದಳು. ತಾಯಿ ತೀರಿಕೊಂಡಾಗ ಕಾಗದಪತ್ರ ಇನ್ನೂ ಆಗಿರಲಿಲ್ಲ. ಹೋದರೆ ಮತ್ತೆ ಒಳಗೆ ಬರುವ ಹಾಗಿಲ್ಲ. ಮಣ್ಣಿನ ಖರ್ಚಿಗೂ ಇಲ್ಲಿಂದಲೇ ಡಾಲರು ಕಳಿಸಿದಳಂತೆ.

ನಾನು ಲೆಕ್ಕ ಹೇಳುವುದನ್ನು ನಿಲ್ಲಿಸಿದೆ.

1982ರಲ್ಲಿ ಧಾರವಾಡದಲ್ಲಿ ಎಂ.ಕಾಂ. ಮುಗಿಸಿ ಪುಣೆಗೆ ಹೋದವನು ನಾನು. ಪ್ರತಿ ತಿಂಗಳು ಬಾದಾಮಿ ತಾಲೂಕಿನ ನಮ್ಮ ಹಳ್ಳಿಗೆ, ಅವ್ವನ ಹೆಸರಿಗೆ, 150 ರೂಪಾಯಿ ಮನಿ ಆರ್ಡರ್. ಅವ್ವ ಹೆಬ್ಬೆಟ್ಟು ಒತ್ತಿದ ರಸೀತಿ ತಿರುಗಿ ಬರುತ್ತಿತ್ತು. ಅದರ ಹಿಂದೆಯೇ ಪೋಸ್ಟಮನ್ ಕೈಲಿ ಬರೆಸಿದ ಕಾರ್ಡು. ಯಾವಾಗಲೂ ಎರಡೇ ಸಾಲು: "ರೊಕ್ಕ ಮುಟ್ಟೈತಿ. ನೀ ಯಾವಾಗ ಬರತಿ?" ಮೊದಲ ಸಾಲು ಓದಿ ನಿಶ್ಚಿಂತನಾಗುತ್ತಿದ್ದೆ. ಎರಡನೆಯ ಸಾಲಿಗೆ ಮಾರ್ಚ್ ಕ್ಲೋಸಿಂಗ್, ಆಡಿಟ್, ಮಗನಿಗೆ ಜ್ವರ, ಹೀಗೆ ಏನಾದರೊಂದು ನೆವ. 1991ರ ಸಪ್ಟೆಂಬರದಲ್ಲಿ, ಅರ್ಧವಾರ್ಷಿಕ ಕ್ಲೋಸಿಂಗ್ ನಡೆದಾಗ ಅವ್ವ ಹೋದಳು. ನಾನು ಊರು ಮುಟ್ಟಿದ್ದು ಮೂರನೆಯ ದಿನ. ಆ ತಿಂಗಳ ಮನಿ ಆರ್ಡರು "ಪಡೆಯುವವರು ಮೃತ" ಎಂಬ ಷರಾದೊಂದಿಗೆ ಪುಣೆಗೆ ವಾಪಸು ಬಂತು.

ಆ ಹೆಣ್ಣುಮಗಳಿಗೆ ಗಡಿ ಅಡ್ಡವಿತ್ತು, ಕಾನೂನು ಅಡ್ಡವಿತ್ತು. ನನಗೆ ಸ್ವಾರಗೇಟಿನಿಂದ ರಾತ್ರಿ ಬಸ್ಸಿತ್ತು.

ಹೊರನಾಡಿನಲ್ಲಿರುವ ನಮ್ಮ ಹುಡುಗರಿಗೆ ನಾನು ಹೇಳುವುದು ಇಷ್ಟೇ. ರೊಕ್ಕ ಕಳಿಸಿರಿ, ಬೇಡ ಅನ್ನೋದಿಲ್ಲ. ಈಗ ಅದು ಮೊಬೈಲಿನಲ್ಲಿ ಒಂದು ನಿಮಿಷದ ಕೆಲಸ. ಆದರೆ ಕಾರ್ಡಿನ ಎರಡನೆಯ ಸಾಲಿಗೂ ಉತ್ತರ ಕೊಡಿರಿ.