ಸಿಪಾಯಿಯ ಪಾಠ

ಹುಬ್ಬಳ್ಳಿ ಕಡೆಯಿಂದ ಬರುವ ಶಾಲಾ ಪ್ರವಾಸದ ಬಸ್ಸುಗಳು ನಮ್ಮ ಬಾಳೆಗುಳಿ ಕ್ರಾಸಿನಲ್ಲಿ ಕಾರವಾರಕ್ಕೆ ತಿರುಗುತ್ತವೆ. ಅಲ್ಲಿಯ ಕಡಲದಂಡೆಯಲ್ಲಿ 2006ರಿಂದ ಚಾಪಲ್ ಎಂಬ ಯುದ್ಧನೌಕೆ ನಿಂತಿದೆ. ಈಚೆಗೆ ಟುಪೊಲೆವ್ ವಿಮಾನವೂ ಬಂದಿದೆ. ಮಕ್ಕಳು ಹತ್ತಿ ಇಳಿದು ಫೋಟೋ ಹೊಡೆಸಿಕೊಳ್ಳುತ್ತಾರೆ. ಹತ್ತಿರದಲ್ಲೇ ಪರಮವೀರಚಕ್ರ ಪಡೆದ ರಾಮ ರಾಘೋಬ ರಾಣೆಯವರ ಪ್ರತಿಮೆ. 1948ರ ಏಪ್ರಿಲ್‌ನಲ್ಲಿ ರಜೌರಿಯ ದಾರಿಯಲ್ಲಿ ಅವರು ಮಾಡಿದ್ದೇನು? ಮೈಗೆ ಗಾಯವಾಗಿದ್ದರೂ ನೆಲಬಾಂಬು ಕಿತ್ತರು, ಅಡ್ಡ ಕೆಡವಿದ್ದ ಮರಗಳನ್ನು ಸರಿಸಿದರು, ಟ್ಯಾಂಕು ಹೋಗಲು ರಸ್ತೆ ಮಾಡಿದರು. ಕೂಲಿಕಾರರಿಗೆ ಥಟ್ಟನೆ ಅರ್ಥವಾಗುವ ಶೌರ್ಯ ಇದು. ಮಕ್ಕಳಿಗೆ ಇದನ್ನು ಯಾರೂ ಬಿಡಿಸಿ ಹೇಳೋದಿಲ್ಲ. ವೀರ ಅಂದರು, ಕೈಮುಗಿಸಿದರು, ಮುಗೀತು.

ರಾಣೆಯವರ ಮನೆತನದ ಊರು ಚೆಂಡಿಯಾ. ಅದೇ ಸೀಮೆಯಲ್ಲಿ, 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲಿಟ್ಟ ಸೀಬರ್ಡ್ ನೌಕಾನೆಲೆಗಾಗಿ 4,000ಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದಂಡೆ ಬಿಟ್ಟು ಎದ್ದವು. ಹಾಲಕ್ಕಿಗಳು, ಮೀನುಗಾರರು, ಉಳಿದವರು. ಪರಿಹಾರದ ವ್ಯಾಜ್ಯ ದಶಕಗಟ್ಟಲೆ ಕೋರ್ಟಿನಲ್ಲಿ ಎಳೆದಾಡಿತು. ಪರಿಹಾರವನ್ನು ಗುಂಟೆಯಲ್ಲಿ ಅಳೆದರೆ ಗುಂಟೆಯೇ ಇಲ್ಲದವನ ಪಾಲು ಎಷ್ಟು? ದೇಶಕ್ಕಾಗಿ ಎದ್ದು ಹೋದವರಿಗೆ ದಂಡೆಯ ಮೇಲೆ ಪ್ರತಿಮೆ ಇಲ್ಲ. ಈ ಪ್ರಶ್ನೆ ಎತ್ತಿದರೆ ‘ನಿನಗೆ ದೇಶ ಬೇಡವಾ’ ಅಂತಾರೆ.

ಹಾಗಂತ ಸೈನ್ಯವನ್ನು ಬೈದು ಕೈತೊಳೆದುಕೊಳ್ಳುವ ಸುಖ ದಲಿತ ವಿಮರ್ಶೆಗಿಲ್ಲ. ನಮ್ಮ ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಪ್ರಾಂತದ ಪಲ್ಟನ್ನುಗಳಲ್ಲಿ ಮಹಾರರು ಅದಕ್ಕೂ ಮೊದಲಿನಿಂದ ಇದ್ದರು. 1818ರ ಕೋರೆಗಾಂವ್ ಕಂಬದ ಮೇಲೆ ಸತ್ತ ಮಹಾರ್ ಸಿಪಾಯಿಗಳ ಹೆಸರುಗಳಿವೆ. ಕಾದಿದ್ದು ಕಂಪನಿಗಾಗಿ, ಪೇಶ್ವೆಯ ಎದುರು. ಅದೇ ಕಂಬಕ್ಕೆ 1927ರ ಜನವರಿ 1ರಂದು ಅಂಬೇಡ್ಕರ್ ಹೋದರು. ಪರದೇಶಿ ದೊರೆಯ ಜಯಸ್ತಂಭ ನಮ್ಮವರ ನೆನಪಿನ ಕಲ್ಲಾಯಿತು. ಶಾಲೆಯ ಇತಿಹಾಸ ಈ ತೊಡಕನ್ನು ಮುಟ್ಟುವುದೇ ಇಲ್ಲ.

ಇನ್ನೊಂದು ಮಾತು. ಅಂಬೇಡ್ಕರರ ತಂದೆ ರಾಮ್‌ಜಿ ಸಕ್ಪಾಳ್ ಸುಬೇದಾರರು, ಸೈನ್ಯದ ಶಾಲೆಯಲ್ಲಿ ಹೆಡ್‌ಮಾಸ್ತರರು. ಊರ ಶಾಲೆ ಹೊರಗೆ ಕೂರಿಸಿದ ಜಾತಿಗೆ ಅಕ್ಷರ ಸಿಕ್ಕಿದ್ದು ಕವಾಯತು ಮೈದಾನದ ಪಕ್ಕದಲ್ಲಿ. ಇವತ್ತು ನಮ್ಮ ಹುಡುಗರು ಭರ್ತಿ ಮೇಳಕ್ಕೆ ನಸುಕಿನಲ್ಲೆದ್ದು ಓಡುವುದು ಯುದ್ಧದ ಮೋಹಕ್ಕಲ್ಲ, ಪಗಾರಕ್ಕೆ, ಹೆಸರಿಗೊಂದು ‘ಸಾಹೇಬ್ರೆ’ ಸೇರಲಿ ಅಂತ.

ಆದರೆ ಬಾಗಿಲು ಯಾರ ಕೈಲಿದೆ ನೋಡಿ. 1890ರ ದಶಕದ ಆರಂಭದಲ್ಲಿ ಬ್ರಿಟಿಷರು ‘ಯೋಧ ಜನಾಂಗ’ ಎಂಬ ಲೆಕ್ಕ ಹಾಕಿ ಮಹಾರರ ಭರ್ತಿಯನ್ನೇ ನಿಲ್ಲಿಸಿದರು. ಮೊದಲ ಮಹಾಯುದ್ಧಕ್ಕೆ ಆಳು ಸಾಲದಾದಾಗ 1917ರಲ್ಲಿ ಮಹಾರ್ ಪಲ್ಟನ್ ಕಟ್ಟಿದರು, ಯುದ್ಧ ಮುಗಿದ ಮೇಲೆ ಮುರಿದರು. 1941ರಲ್ಲಿ, ಇನ್ನೊಂದು ಯುದ್ಧದ ನಡುವೆ, ಮತ್ತೆ ಕರೆದರು.