ಕಡಬದಿಂದ ಎಷ್ಟು ದೂರ?

ದೂರವನ್ನು ನಾವು ಇಂದು ಕಿಲೋಮೀಟರುಗಳಲ್ಲಿ ಹೇಳುತ್ತೇವೆ. ಹಿಂದಿನವರು ಹರದಾರಿ, ಗಾವುದ ಎನ್ನುತ್ತಿದ್ದರು. ಹರದಾರಿಯೆಂದರೆ ಸುಮಾರು ಮೂರು ಮೈಲಿ. ಆದರೆ ಬಯಲಿನ ಹರದಾರಿಯೂ ಘಟ್ಟದ ಹರದಾರಿಯೂ ಒಂದೇ ಅಲ್ಲವೆಂಬುದು ನಡೆದವರಿಗೆಲ್ಲ ತಿಳಿದಿತ್ತು. ನನ್ನ ಹುಟ್ಟೂರಾದ ಕಡಬದ ಚರಿತ್ರೆಯನ್ನು ಅರಸರ ಹೆಸರುಗಳಿಗಿಂತ ಈ ದೂರದ ಲೆಕ್ಕದಿಂದ ಬರೆಯುವುದೇ ಹೆಚ್ಚು ಉಚಿತವೆಂದು ನನಗೆ ತೋರುತ್ತದೆ.

ಕಡಬದ ಮೂಡಣಕ್ಕೆ ಸಹ್ಯಾದ್ರಿ, ಸುತ್ತ ಕುಮಾರಧಾರಾ ಮತ್ತು ಗುಂಡ್ಯ ಹೊಳೆಗಳು. ಶಿರಾಡಿ, ಬಿಸಿಲೆ, ಸಂಪಾಜೆಗಳ ದಾರಿಯಲ್ಲಿ ಉಪ್ಪಿನ ಮೂಟೆ ಹೊತ್ತ ಹೇರೆತ್ತುಗಳು ಘಟ್ಟ ಹತ್ತುತ್ತಿದ್ದವು. ಈ ದೂರ ಒಮ್ಮೊಮ್ಮೆ ಚರಿತ್ರೆಯನ್ನೇ ನಡೆಸಿದೆ. 1837ರಲ್ಲಿ ಸುಳ್ಯ ಸೀಮೆಯ ರೈತರು ಕಂಪನಿ ಸರ್ಕಾರದ ವಿರುದ್ಧ ದಂಗೆಯೆದ್ದು, ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಏಪ್ರಿಲಿನಲ್ಲಿ ಮಂಗಳೂರನ್ನೇ ಹಿಡಿದರು. ಸುಮಾರು ಎರಡು ವಾರ ಅದು ಅವರ ಕೈಯಲ್ಲಿತ್ತು. ಹೊರಗಿನ ಸೈನ್ಯ ಬಂದು ಸೇರಲು ಹಿಡಿದ ಕಾಲವೂ ಅವರಿಗೆ ಆಸರೆಯಾಗಿತ್ತು.

ನಾನು ಕಾಲೇಜಿನಲ್ಲಿದ್ದಾಗ, 1979ರಲ್ಲಿ, ಹಾಸನ–ಮಂಗಳೂರು ರೈಲು ಮಾರ್ಗ ತೆರೆಯಿತು. ಸಕಲೇಶಪುರದಿಂದ ನಮ್ಮ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು, 109 ಸೇತುವೆಗಳು. ಘಟ್ಟದಾಚೆಯ ಲೋಕ ಹತ್ತಿರ ಬಂತು. ಆದರೆ ಹತ್ತಿರ ಬಂದದ್ದು ಹಾಗೆಯೇ ಉಳಿಯಬೇಕೆಂದೇನೂ ಇಲ್ಲ. ಹಳಿಗಳನ್ನು ಅಗಲಗೊಳಿಸಲು 1996ರಲ್ಲಿ ಮುಚ್ಚಿದ ಈ ಮಾರ್ಗದಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಆ ಹನ್ನೊಂದು ವರ್ಷ ಬೆಂಗಳೂರು ನಮ್ಮಿಂದ ಮತ್ತೆ ದೂರ ಸರಿದಿತ್ತು.

ಇನ್ನು ವಿಮಾನದ ಮಾತು. ಬಜಪೆಯ ಗುಡ್ಡದ ಮೇಲಿನ ನಿಲ್ದಾಣ 1951ರ ಡಿಸೆಂಬರ್ 25ರಂದು ತೆರೆಯಿತು. ಅಂದು ಪ್ರಧಾನಿ ನೆಹರೂ ಅಲ್ಲಿ ಬಂದಿಳಿದರು. ಇಂದು ಅಲ್ಲಿಂದ ಬೆಂಗಳೂರಿಗೆ ಸುಮಾರು ಒಂದು ಗಂಟೆಯ ಹಾರಾಟ. ಆದರೆ ಕಡಬದವನು ಎರಡು ಗಂಟೆ ಪಡುವಣಕ್ಕೆ ಪ್ರಯಾಣ ಮಾಡಿ ವಿಮಾನ ಹತ್ತಬೇಕು; ಅದು ಅವನನ್ನು ಮತ್ತೆ ಮೂಡಣಕ್ಕೆ, ಅದೇ ಘಟ್ಟದ ಮೇಲಿಂದ, ಕೆಲವೇ ನಿಮಿಷಗಳಲ್ಲಿ ದಾಟಿಸುತ್ತದೆ. ಆಕಾಶದ ಗಣಿತ ಪಟ್ಟಣಗಳ ನಡುವಿನದು. ಹಳ್ಳಿಯ ಲೆಕ್ಕ ಅದರಲ್ಲಿ ಸೇರುವುದಿಲ್ಲ. 2006ರಿಂದ ಬಜಪೆಯಿಂದ ದುಬೈಗೆ ನೇರ ವಿಮಾನವಿದೆ, ನಾಲ್ಕು ಗಂಟೆಯೊಳಗಿನ ಹಾದಿ. ರಾತ್ರಿಯಿಡೀ ರೈಲಿನಲ್ಲಿ ಹೋಗಬೇಕಾದ ಬೆಂಗಳೂರಿಗಿಂತ ಕೊಲ್ಲಿಯ ಮರಳುಗಾಡೇ ಹತ್ತಿರವೆನಿಸುವುದು ನಮ್ಮ ಕಾಲದ ವಿಚಿತ್ರ.

ಹತ್ತಿರವಾದ ಮಾತ್ರಕ್ಕೆ ಹೋದವರು ಮರಳುತ್ತಾರೆಯೇ? ಶಿವರಾಮ ಕಾರಂತರ ‘ಬೆಟ್ಟದ ಜೀವ’ 1943ರ ಕೃತಿ; ನಮ್ಮ ಈ ಕಾಡುಗಳದೇ ಕತೆ. ಅದರಲ್ಲಿ ದಾರಿ ತಪ್ಪಿದ ಅಪರಿಚಿತನಿಗೆ ಬಾಗಿಲು ತೆರೆಯುವ ಮುದಿ ದಂಪತಿಗಳ ಮಗ ಮನೆ ಬಿಟ್ಟು ಹೋಗಿದ್ದಾನೆ. ಆ ದೂರವನ್ನು ಯಾವ ವಾಹನವೂ ಅಳೆದಿಲ್ಲ. ಇಂದು ಕಡಬದ ತೋಟದ ಮನೆಗಳಲ್ಲಿ ಅಂಥ ಅಪ್ಪ ಅಮ್ಮಂದಿರು ಎಷ್ಟೋ ಜನ.

ಅವರ ಪಾಲಿನ ದೂರ ಬೇರೆಯೇ. ಹೊಸ ಸೇತುವೆ ಬರುವವರೆಗೆ ಹೊಸ್ಮಠದ ತಗ್ಗು ಸೇತುವೆ ಮಳೆಗಾಲದಲ್ಲಿ ಮುಳುಗಿದಾಗ, ಎದುರು ದಡದಲ್ಲಿ ಕಾಣುವ ರಸ್ತೆ ಮಂಗಳೂರಿಗಿಂತ ದೂರವಾಗುತ್ತಿತ್ತು. ಈ ದಡದಲ್ಲಿ ರೋಗಿಯಿದ್ದರಂತೂ ಇನ್ನೂ ದೂರ. ಈಚೆಗೆ ಕಡಬ ತಾಲೂಕಾದ ಮೇಲೆ, ಒಂದು ಪಹಣಿಗಾಗಿ ಪುತ್ತೂರಿಗೆ ಬಸ್ಸು ಹಿಡಿಯುತ್ತಿದ್ದ ರೈತನ ದಾರಿಯೂ ಕುಗ್ಗಿತು. ಚರಿತ್ರಕಾರರು ಹಾರಾಟದ ಗಂಟೆಗಳನ್ನು ಬರೆಯಲಿ. ಒಂದು ಸೇತುವೆ, ಒಂದು ಕಚೇರಿ ಉಳಿಸಿಕೊಟ್ಟ ಗಂಟೆಗಳೂ ಅದೇ ಪುಟದಲ್ಲಿರಬೇಕು.